ಗಣಿನೆಲದ ಮರುಹಸಿರು: ಸಸಿಯ ಲೆಕ್ಕದಿಂದ ಕರಡಿಯ ನೆಲೆಯವರೆಗೆ

ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿ ದಕ್ಷಿಣದ ಕೆಂಪಿನಕೋಟೆಯಿಂದ ಅರಸೀಕೆರೆಯ ಕಡೆಗೆ ಸುಮಾರು 60 ಕಿ.ಮೀ. ಹಬ್ಬಿದೆ. ಕೆಂಪಿನಕೋಟೆಯಲ್ಲಿ ಚಿನ್ನದ ಹಳೆಯ ಗುಂಡಿಗಳಿವೆ. ಬೈರಾಪುರದಲ್ಲಿ ಕ್ರೋಮೈಟ್ ಅದಿರನ್ನು ಸುರಂಗ ತೋಡಿ ತೆಗೆಯಲಾಗಿದೆ. ಅದಿರಿನ ಜೊತೆ ಮೇಲೆ ಬಂದ ಕಲ್ಲುಮಣ್ಣಿನ ರಾಶಿಯಲ್ಲಿ ಗಿಡ ಸುಲಭವಾಗಿ ಏಳುವುದಿಲ್ಲ. ಕ್ರೋಮೈಟ್ ಸಿಗುವ ಸರ್ಪೆಂಟೈನ್ ಶಿಲೆಯ ಮಣ್ಣಿನಲ್ಲಿ ಮೆಗ್ನೀಸಿಯಂ, ನಿಕಲ್ ಹೆಚ್ಚು. ಕ್ಯಾಲ್ಸಿಯಂ, ರಂಜಕ ಕಡಿಮೆ. ಮಳೆನೀರು ನಿಲ್ಲದ ಇಳಿಜಾರು, ಬೇಸಿಗೆಯಲ್ಲಿ ಕಾದು ಸುಡುವ ಕಲ್ಲು ಇವೂ ಸೇರಿಕೊಳ್ಳುತ್ತವೆ.

ಮೊದಮೊದಲು ಗಣಿನೆಲವನ್ನು ಸರಿಪಡಿಸುವುದೆಂದರೆ ಸಸಿ ನೆಡುವುದು ಎಂದೇ ಅರ್ಥವಾಗಿತ್ತು. ಬೇಗ ಬೆಳೆದು ಬೇಗ ಹಸಿರು ತೋರಿಸುವ ಮರಗಳಿಗೇ ಆದ್ಯತೆ. ಕರ್ನಾಟಕದಲ್ಲಿ ಇದರ ದೊಡ್ಡ ಪ್ರಯೋಗ ನಡೆದದ್ದು ಕುದುರೆಮುಖದಲ್ಲಿ. ಅಲ್ಲಿನ ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಸ್ಥಾಪನೆಯಾಯಿತು. ಅದಿರು ತೊಳೆದು ಉಳಿದ ಹೂಳು ಲಖ್ಯಾ ಅಣೆಕಟ್ಟಿನ ಹಿಂದೆ ತುಂಬಿಕೊಂಡಿತು. ಹುಲ್ಲುಗಾವಲು ಮತ್ತು ಶೋಲಾ ಕಾಡು ಬೆರೆತ ಆ ಬೆಟ್ಟಗಳಲ್ಲಿ ಅಕೇಶಿಯಾದಂಥ ಹೊರಗಿನ ಮರಗಳನ್ನು ನೆಡಲಾಯಿತು. ಮರಗಳು ಬೆಳೆದವು, ಆದರೆ ಹುಲ್ಲುಗಾವಲು ಮರಳಲಿಲ್ಲ. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆಯೇ ನಿಂತಿತು.

ಅಷ್ಟರಲ್ಲಿ ಶಾಸ್ತ್ರದ ದಿಕ್ಕು ಮಣ್ಣಿನ ಕಡೆಗೆ ತಿರುಗಿತ್ತು. ಅಮೆರಿಕದ 1977ರ ಗಣಿಗಾರಿಕೆ ಕಾಯ್ದೆ ಮೇಲ್ಮಣ್ಣನ್ನು ಬೇರೆಯಾಗಿ ತೆಗೆದಿಟ್ಟು ಮತ್ತೆ ಹರಡಬೇಕೆಂದು ವಿಧಿಸಿತು. ಬ್ರಿಟನ್ನಿನ ವಿಜ್ಞಾನಿಗಳಾದ ಬ್ರಾಡ್‌ಶಾ ಮತ್ತು ಚಾಡ್ವಿಕ್ 1980ರ ತಮ್ಮ ಗ್ರಂಥದಲ್ಲಿ ಕೆಟ್ಟ ನೆಲದ ಕೊರತೆಗಳನ್ನು ಒಂದೊಂದಾಗಿ ಗುರುತಿಸಿ ನೀಗಿಸುವ ಬಗೆಯನ್ನು ವಿವರಿಸಿದರು. ಮೇಲ್ಮಣ್ಣೆಂದರೆ ಗೊಬ್ಬರವಷ್ಟೇ ಅಲ್ಲ; ಆ ಊರಿನ ಹುಲ್ಲು, ಪೊದೆಗಳ ಬೀಜ ಮತ್ತು ಬೇರಿಗೆ ನೆರವಾಗುವ ಶಿಲೀಂಧ್ರಗಳು ಅದರಲ್ಲೇ ಇರುತ್ತವೆ. ವರ್ಷಗಟ್ಟಲೆ ಗುಡ್ಡೆ ಹಾಕಿಟ್ಟರೆ ಬಹುಪಾಲು ಸತ್ತುಹೋಗುತ್ತವೆ. ಭಾರತದ 1988ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು ಮೇಲ್ಮಣ್ಣಿನ ಮರುಬಳಕೆಯನ್ನು ಹೇಳಿದವು. 2003ರಲ್ಲಿ ಗಣಿ ಮುಚ್ಚುವ ಯೋಜನೆಯೂ ಅದಕ್ಕೆ ಹಣದ ಖಾತರಿಯೂ ಕಡ್ಡಾಯವಾದವು.

ಕಾಗದದ ನಿಯಮ ನೆಲಕ್ಕಿಳಿಯಲು ಬಳ್ಳಾರಿಯ ಅಕ್ರಮ ಗಣಿಗಾರಿಕೆ ಬಯಲಾಗಬೇಕಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರುಗಳಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. 2013ರ ತೀರ್ಪು, ಅಕ್ರಮದ ಪ್ರಮಾಣದಂತೆ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದನ್ನು ಒಪ್ಪಿ, ಪುನಶ್ಚೇತನವನ್ನು ಗಣಿಗಾರಿಕೆಯ ಷರತ್ತಾಗಿಸಿತು. ಯೋಜನೆಗಳನ್ನು ರೂಪಿಸಿದ್ದು ಡೆಹ್ರಾಡೂನಿನ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತು. ಕಲ್ಲುಮಣ್ಣಿನ ರಾಶಿಗಳನ್ನು ಮೆಟ್ಟಿಲಾಗಿ ಕಡಿಯುವುದು, ಬುಡಕ್ಕೆ ತಡೆಗೋಡೆ, ಕೊರಕಲಿಗೆ ಚೆಕ್‌ಡ್ಯಾಂ, ಇಳಿಜಾರಿಗೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ಹುಲ್ಲು ಇಂಥ ಯೋಜನೆಗಳ ಮುಖ್ಯ ಕೆಲಸಗಳು. ಸಸಿ ಕೊನೆಗೆ ಬರುತ್ತದೆ.

2020ರ ಜನವರಿಯಲ್ಲಿ ಅದೇ ನ್ಯಾಯಾಲಯ, ಗಣಿ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸುವ ಷರತ್ತನ್ನು ಗುತ್ತಿಗೆಗಳಲ್ಲಿ ಸೇರಿಸಲು ಕೇಂದ್ರಕ್ಕೆ ಸೂಚಿಸಿತು. ಮರಕ್ಕಿಂತ ಮೇವು ಮೊದಲು ಎಂಬ ಈ ನೋಟ ಒಣನಾಡಿಗೆ ಚೆನ್ನಾಗಿ ಒಪ್ಪುತ್ತದೆ. ಅರಸೀಕೆರೆಯ ಕುರುಚಲು ಗುಡ್ಡಗಳು ಕರಡಿಗಳ ನೆಲೆ. ಅವುಗಳ ಹೆಸರಿನ ವನ್ಯಧಾಮವೂ ಅಲ್ಲಿದೆ. ಕರಡಿಗೆ ಬೇಕಾದದ್ದು ದಟ್ಟ ತೋಪಲ್ಲ. ಹಗಲು ಮಲಗಲು ಬಂಡೆಗಳ ನಡುವಿನ ಗವಿ, ಗೆದ್ದಲ ಹುತ್ತ, ಎಲಚಿ, ಕಾರೆ, ಕವಳೆಯ ಹಣ್ಣು, ಕುಡಿಯಲು ನೀರು. ಬಂಡೆ ಒಡೆದರೆ ಗವಿಯನ್ನು ಯಾವ ನೆಡುತೋಪೂ ಮರಳಿ ಕೊಡದು. ಇದೇ ಜಿಲ್ಲೆಯ ಬೇಲೂರಿನ ಮಲೆನಾಡಿನ ಅಂಚಿಗೆ ಹೊಂದುವ ಮರಗಳ ಪಟ್ಟಿಯನ್ನು ಇಲ್ಲಿಗೆ ತಂದರೂ ಕೆಲಸವಾಗದು.

ಬಂಡೆ ಒಡೆಯುವುದು ಅದಿರಿನ ಗಣಿಗಳಷ್ಟೇ ಅಲ್ಲ, ಕಲ್ಲಿನ ಕ್ವಾರಿಗಳೂ ಹೌದು. ಬೇಲೂರು, ಹಳೇಬೀಡುಗಳ ದೇವಾಲಯಗಳಿಗೆ ಹನ್ನೆರಡನೆಯ ಶತಮಾನದಲ್ಲಿ ಬಳಪದ ಕಲ್ಲು ಒದಗಿಸಿದ ಅಗೆತ ಉಳಿಯ ಕೆಲಸವಾಗಿತ್ತು. ಇಂದಿನ ಜಲ್ಲಿಕಲ್ಲಿನ ಕ್ವಾರಿಗಳದು ಸಿಡಿಮದ್ದಿನ ಕೆಲಸ. ಈ ಕ್ವಾರಿಗಳು ಉಪಖನಿಜದ ಪಟ್ಟಿಗೆ ಸೇರುವುದರಿಂದ ಕೇಂದ್ರದ ಖನಿಜ ಸಂರಕ್ಷಣೆ ನಿಯಮಗಳು ಅವುಗಳಿಗೆ ಅನ್ವಯಿಸುವುದಿಲ್ಲ. ರಾಜ್ಯದ ನಿಯಮಗಳೇ ಆಧಾರ. ಐದು ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕೆಂಬುದು ಸುಪ್ರೀಂ ಕೋರ್ಟಿನ 2012ರ ದೀಪಕ್ ಕುಮಾರ್ ಪ್ರಕರಣದಿಂದ ಬಂದ ಕಟ್ಟಳೆ. ಕಬ್ಬಿಣದ ಗಣಿಗಳಲ್ಲಿ ಪಳಗಿದ ವಿಧಾನ ಇಂಥ ಚಿಕ್ಕ ಕ್ವಾರಿಗಳಿಗೆ ನೇರವಾಗಿ ಹೊಂದುವುದೂ ಇಲ್ಲ. ಇಲ್ಲಿ ಹರಡಲು ಮೇಲ್ಮಣ್ಣೇ ತೆಳು, ಉಳಿಯುವುದು ಕಡಿದಾದ ಕಲ್ಲುಗೋಡೆ ಮತ್ತು ನೀರು ನಿಂತ ಹಳ್ಳ. ಗೋಡೆಯನ್ನು ಮೆಟ್ಟಿಲಾಗಿಸಿ, ಹಳ್ಳದ ಒಂದು ದಂಡೆಯನ್ನು ಪ್ರಾಣಿಗಳು ಇಳಿದು ಹತ್ತುವಂತೆ ಇಳಿಜಾರು ಮಾಡಿದರೆ ಮಾತ್ರ ಅದು ನೀರಿನ ತಾಣವಾದೀತು.