ಮನೆಯಲ್ಲೇ ಮಾಡಿದ ಆರ್ಕೇಡ್ ಪೆಟ್ಟಿಗೆಗೆ ಪರದೆಯ ಚೌಕಟ್ಟು

ನಾಣ್ಯ ಹಾಕಿ ನಿಂತುಕೊಂಡು ಆಡುವ ವಿಡಿಯೋ ಗೇಮ್ ಪೆಟ್ಟಿಗೆಗೆ ಆರ್ಕೇಡ್ ಕ್ಯಾಬಿನೆಟ್ ಎಂದು ಹೆಸರು. ಪ್ಲೈವುಡ್, ಹಳೆಯ ಕಂಪ್ಯೂಟರ್, ಒಂದು ಜಾಯ್‌ಸ್ಟಿಕ್ ಇದ್ದರೆ ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಇಟಲಿಯ ನಿಕೋಲಾ ಸಾಲ್ಮೋರಿಯಾ 1997ರಲ್ಲಿ ಮೇಮ್ ಎಂಬ ತಂತ್ರಾಂಶವನ್ನು ಹೊರತಂದ ಮೇಲೆ ಹಳೆಯ ಆಟಗಳು ಮಾಮೂಲಿ ಕಂಪ್ಯೂಟರಿನಲ್ಲಿ ಓಡತೊಡಗಿದವು, ಈ ಹವ್ಯಾಸವೂ ಹಲವು ದೇಶಗಳಿಗೆ ಹಬ್ಬಿತು.

ಪೆಟ್ಟಿಗೆ ಎದ್ದು ನಿಂತ ಮೇಲೆ ಉಳಿಯುವ ಕೆಲಸ ಬೆಜೆಲ್. ಅಂದರೆ ಮಾನಿಟರಿನ ಅಂಚು, ವೈರು, ಸ್ಕ್ರೂ ಯಾವುದೂ ಕಾಣದಂತೆ ಪರದೆಯ ಸುತ್ತ ಕೂರಿಸುವ ಕಪ್ಪು ಚೌಕಟ್ಟು. ನೋಡಲು ಸಣ್ಣ ಕೆಲಸ. ಆದರೆ ಅಳತೆ ತಪ್ಪಿದರೆ ಆಟದ ಅಂಕವೇ ಕಾಣುವುದಿಲ್ಲ, ಅವಸರಪಟ್ಟರೆ ಮಾನಿಟರ್ ಹಾಳಾಗುತ್ತದೆ. ಹಳೆಯ ಟಿವಿ ಟ್ಯೂಬ್ ಬಳಸುವುದಾದರೆ ಜೀವಕ್ಕೂ ಅಪಾಯವಿದೆ.

ಹಳೆಯ ಪೆಟ್ಟಿಗೆಗಳಲ್ಲಿ

ಜಪಾನಿನ ಟೈಟೋ ಕಂಪನಿಯ ಸ್ಪೇಸ್ ಇನ್ವೇಡರ್ಸ್ (1978) ಆಟದ ಪರದೆ ಕಪ್ಪು ಬಿಳುಪು. ಬಣ್ಣ ಬರಲೆಂದು ಪರದೆಗೆ ಬಣ್ಣದ ಪಾರದರ್ಶಕ ಪಟ್ಟಿಗಳನ್ನು ಅಂಟಿಸುತ್ತಿದ್ದರು. ನಮೂನೆ ಯಾವುದೇ ಇರಲಿ, ಆ ಕಾಲದ ಬಹಳಷ್ಟು ಪೆಟ್ಟಿಗೆಗಳಲ್ಲಿ ಚೌಕಟ್ಟು ಎಂದರೆ ಕಪ್ಪು ರಟ್ಟು, ಅದರ ಮುಂದೆ ಗಾಜು ಅಥವಾ ಅಕ್ರಿಲಿಕ್ ಹಾಳೆ, ಹಾಳೆಯ ಮೇಲೆ ಚಿತ್ರ ಮತ್ತು ಆಡುವ ಕ್ರಮ. ದುಬಾರಿ ಸಾಮಾನೇನೂ ಅಲ್ಲ. ಮನೆಯಲ್ಲಿ ಮಾಡುವವರಿಗೂ ಇದೇ ದಾರಿ ಸಾಕು.

ಟ್ಯೂಬ್ ಇದ್ದರೆ ಎಚ್ಚರ

ಬಣ್ಣದ ಪಿಕ್ಚರ್ ಟ್ಯೂಬಿನ ಆನೋಡ್ 20,000 ವೋಲ್ಟಿನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ವಿದ್ಯುತ್ ಉಳಿದಿರುತ್ತದೆ. ಹಿಂಬದಿಯ ಸಣ್ಣ ಕುತ್ತಿಗೆಗೆ ಪೆಟ್ಟು ಬಿದ್ದರೆ ಟ್ಯೂಬಿನ ಆಯುಸ್ಸು ಅಲ್ಲಿಗೇ ಮುಗಿಯಿತು. ಆದ್ದರಿಂದ ಟಿವಿ ರಿಪೇರಿ ಬಲ್ಲವರು ಪಕ್ಕದಲ್ಲಿಲ್ಲದೆ ಟ್ಯೂಬ್ ಬಿಚ್ಚಬಾರದು. ಹೊಸದಾಗಿ ಶುರು ಮಾಡುವವರಿಗೆ ಹಳೆಯ ಎಲ್‌ಸಿಡಿ ಮಾನಿಟರೇ ಕ್ಷೇಮ. ಅಲ್ಲೂ ಒಂದು ಮಾತಿದೆ: ಪ್ಲಾಸ್ಟಿಕ್ ಕವಚ ತೆಗೆದರೆ, ಒಳಗೆ ಸಣ್ಣ ಟ್ಯೂಬ್‌ಲೈಟ್ ಇರುವ ಹಳೆಯ ಎಲ್‌ಸಿಡಿಗಳಲ್ಲಿ ಆ ದೀಪಕ್ಕೆ ನೂರಾರು ವೋಲ್ಟ್ ಕೊಡುವ ಇನ್ವರ್ಟರ್ ಬೋರ್ಡ್ ಬಯಲಾಗುತ್ತದೆ. ಕವಚ ತೆಗೆಯದೆಯೇ ಕೂರಿಸಲು ಜಾಗವಿದ್ದರೆ ಹಾಗೆಯೇ ಬಿಡುವುದು ಜಾಣತನ.

ಅಳತೆ

ಹಳೆಯ ಆಟಗಳ ಚಿತ್ರ 4:3 ಪ್ರಮಾಣದ್ದು. ಪ್ಯಾಕ್‌ಮ್ಯಾನ್ (1980), ಡಾಂಕಿ ಕಾಂಗ್ (1981) ಮುಂತಾದವಕ್ಕೆ ಪರದೆಯನ್ನೇ ನಿಲುವಾಗಿ ತಿರುಗಿಸುತ್ತಿದ್ದರು. ಸ್ಟ್ರೀಟ್ ಫೈಟರ್ 2 (1991) ಅಡ್ಡ ಪರದೆಯ ಆಟ. ಚೌಕಟ್ಟಿಗೆ ಕೈ ಹಾಕುವ ಮೊದಲೇ ಅಡ್ಡವೋ ನಿಲುವೋ ತೀರ್ಮಾನಿಸಬೇಕು.

ಹಳೆಯ ಚೌಕಾಕಾರದ 19 ಇಂಚಿನ ಎಲ್‌ಸಿಡಿ ನಿಜವಾಗಿ 4:3 ಅಲ್ಲ, 5:4. ಬೆಳಗುವ ಭಾಗ ಸುಮಾರು 376 ಮಿ.ಮೀ. ಅಗಲ, 301 ಮಿ.ಮೀ. ಎತ್ತರ. 376 ಅಗಲಕ್ಕೆ 4:3 ಚಿತ್ರದ ಎತ್ತರ 282 ಮಾತ್ರ. ಹಾಗಾಗಿ ಮೇಲೆ ಕೆಳಗೆ ತಲಾ 9 ಮಿ.ಮೀ. ಚಿಲ್ಲರೆ ಪಟ್ಟಿ ಖಾಲಿ ಉಳಿಯುತ್ತದೆ. ಚೌಕಟ್ಟಿನ ಕಿಂಡಿ 376 x 282 ಇದ್ದರೆ ಆ ಪಟ್ಟಿ ಮರೆಯಾಗುತ್ತದೆ. ಮಾನಿಟರ್ ನಿಲುವಾದರೆ ಅದೇ ಕಿಂಡಿ 282 x 376.

ಈಗಿನ 24 ಇಂಚಿನ ಅಗಲ ಮಾನಿಟರಿನ ಲೆಕ್ಕ ಬೇರೆ. ಬೆಳಗುವ ಭಾಗ ಸುಮಾರು 531 x 299. ಅದರಲ್ಲಿ 4:3 ಚಿತ್ರ ಕೂರುವುದು 398 ಅಗಲದಲ್ಲಿ, ಎರಡೂ ಬದಿಗೆ 66 ಮಿ.ಮೀ.ಗಿಂತ ತುಸು ಹೆಚ್ಚು ಖಾಲಿ. ಆದರೂ ಚಿತ್ರದ ಕರ್ಣ 19.6 ಇಂಚು ಬರುತ್ತದೆ, ಹಳೆಯ 19 ಇಂಚಿನ ಟ್ಯೂಬಿಗೆ ಏನೂ ಕಡಿಮೆಯಿಲ್ಲ. ಖಾಲಿ ಜಾಗದಲ್ಲಿ ತಂತ್ರಾಂಶದಿಂದಲೇ ಚಿತ್ರ ಮೂಡಿಸುವ ಸೌಲಭ್ಯ ಮೇಮ್‌ನಲ್ಲಿದೆ. ಆದರೆ ಎಲ್‌ಸಿಡಿಯ ಕಪ್ಪು ಕತ್ತಲಲ್ಲಿ ಬೂದು ಬೆಳಕು ಸೂಸುತ್ತದೆ. ರಟ್ಟಿನ ಕಪ್ಪಿಗೆ ಅದು ಸಾಟಿಯಲ್ಲ.

ಕಂಪನಿ ಹೇಳುವ ಅಳತೆಯನ್ನು ನಂಬಿ ಕತ್ತರಿಸಬಾರದು. ಮಾನಿಟರನ್ನು ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಕೂರಿಸಿ, ಆಟ ಹಚ್ಚಿ, ಬೆಳಗುವ ಚಿತ್ರವನ್ನೇ ಅಳೆಯಬೇಕು. ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಮೊದಲು ಅಚ್ಚು ಕತ್ತರಿಸಿ ಇಟ್ಟು ನೋಡಿದರೆ ರಟ್ಟು ದಂಡವಾಗುವುದು ತಪ್ಪುತ್ತದೆ.

ಚಿತ್ರ ಮರೆಯಾಗುವುದೇಕೆ?

ಅಳತೆ ಸರಿಯಿದ್ದರೂ ಹೆಚ್ಚಿನವರ ಚೌಕಟ್ಟು ಕೆಡುವುದು ಇಲ್ಲಿ. ಪರದೆಗೂ ಚೌಕಟ್ಟಿಗೂ ನಡುವೆ 25 ಮಿ.ಮೀ. ಅಂತರವಿದೆ ಎನ್ನೋಣ. ನಿಂತು ಆಡುವವರ ಕಣ್ಣು ಮೇಲಿರುತ್ತದೆ. ನೋಟ ಪರದೆಗೆ ನೇರವಾಗಿ ಬೀಳದೆ 30 ಡಿಗ್ರಿ ಓರೆಯಾದರೆ ಚಿತ್ರದ ಮೇಲ್ತುದಿಯಲ್ಲಿ 14 ಮಿ.ಮೀ. ಮರೆಯಾಗುತ್ತದೆ, ಕೆಳಗೆ ಅಷ್ಟೇ ಮಾನಿಟರಿನ ಅಂಚು ಇಣುಕುತ್ತದೆ. ಪ್ಯಾಕ್‌ಮ್ಯಾನ್ ಪರದೆ ಮೇಲಿಂದ ಕೆಳಗೆ 36 ಸಾಲು. 376 ಮಿ.ಮೀ. ಎತ್ತರದಲ್ಲಿ ಒಂದು ಸಾಲಿಗೆ ಹತ್ತೂವರೆ ಮಿ.ಮೀ. ಸಿಗುತ್ತದೆ. ಅಂಕ ಬರುವುದು ಎರಡನೆಯ ಸಾಲಿನಲ್ಲಿ! ಮೊದಲ ಸಾಲು ಪೂರ್ತಿ, ಎರಡನೆಯದರಲ್ಲಿ ಸ್ವಲ್ಪ ಚೌಕಟ್ಟಿನ ಪಾಲು. ಎತ್ತರದವರಿಗೆ ಇನ್ನೂ ಹೆಚ್ಚು ಮರೆ.

ಪರಿಹಾರ ಇಷ್ಟೇ: ಕಿಂಡಿಯ ಅಂಚು ಪರದೆಯ ಹತ್ತಿರವೇ ಇರಬೇಕು, ಅಲ್ಲಿಂದ ಚೌಕಟ್ಟು ಬಟ್ಟಲಿನಂತೆ ಹೊರಗೆ ಓರೆಯಾಗಿ ಅಗಲವಾಗಬೇಕು. ನಾಲ್ಕು ರಟ್ಟಿನ ಪಟ್ಟಿ ಸಾಕು. 25 ಮಿ.ಮೀ. ಆಳಕ್ಕೆ 45 ಡಿಗ್ರಿ ಓರೆ ಕೊಟ್ಟರೆ ಪಟ್ಟಿಯ ಅಗಲ 35 ಮಿ.ಮೀ. ಒಳ ಅಂಚು 282 ಇದ್ದ ಕಡೆ ಹೊರ ಅಂಚು 332, 376 ಇದ್ದ ಕಡೆ 426. ಮೂಲೆಯನ್ನು ಫೋಟೋ ಫ್ರೇಮಿನಂತೆ 45 ಡಿಗ್ರಿಗೆ ಕತ್ತರಿಸಿದರೆ ಕೂಡುವುದಿಲ್ಲ, ಸಂದು ಬಾಯಿ ಬಿಡುತ್ತದೆ. ಪಟ್ಟಿ ಓರೆಯಾಗಿ ನಿಲ್ಲುವುದರಿಂದ ತುದಿಯ ಕೋನ ಸುಮಾರು 35 ಡಿಗ್ರಿ. ಕೋನಮಾಪಕ ಬೇಡವೆನ್ನುವವರು ಒಳ ಅಂಚು, ಹೊರ ಅಂಚು ಎರಡನ್ನೂ ಗುರುತು ಹಾಕಿ ತುದಿಗಳನ್ನು ಗೆರೆಯಿಂದ ಕೂಡಿಸಿದರಾಯಿತು.

ಸಾಮಾನು

ಫೋಟೋಗೆ ಕಟ್ಟು ಹಾಕುವ ಅಂಗಡಿಯಲ್ಲಿ ಸಿಗುವ ಕಪ್ಪು ಮೌಂಟ್ ಬೋರ್ಡ್ ಇದಕ್ಕೆ ಒಳ್ಳೆಯದು. ಹರಿತ ಬ್ಲೇಡು, ಉಕ್ಕಿನ ಸ್ಕೇಲು ಬೇಕು. ಒಂದೇ ಸಲ ಒತ್ತದೆ ಮೂರು ನಾಲ್ಕು ಸಲ ಎಳೆದು ಕತ್ತರಿಸಬೇಕು. ಗಟ್ಟಿ ಬೇಕೆಂದರೆ ಎಂಡಿಎಫ್ ಹಲಗೆ ಆಗಬಹುದು, ಆದರೆ ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಬಯಲಲ್ಲಿ ಕೊಯ್ಯಬೇಕು. ಬಣ್ಣಕ್ಕೆ ಹೊಳಪು ಇರಕೂಡದು. ಹೊಳೆಯುವ ಕಪ್ಪು ಆಟದ ಬೆಳಕನ್ನು ಕನ್ನಡಿಯಂತೆ ಎಸೆಯುತ್ತದೆ. ಶಾಲೆಯ ಕರಿಹಲಗೆಗೆ ಬಳಿಯುವ ಬಣ್ಣ ಸರಿಹೊಂದುತ್ತದೆ.

ಮುಂದಿನ ಹಾಳೆಗೆ 3 ಮಿ.ಮೀ. ಅಕ್ರಿಲಿಕ್ ಸಾಕು. ತುಸು ಹೊಗೆ ಬಣ್ಣದ್ದಾದರೆ ಚೌಕಟ್ಟಿನ ಸಣ್ಣಪುಟ್ಟ ದೋಷ ಮುಚ್ಚಿಹೋಗುತ್ತದೆ. ಅಮೋನಿಯಾ ಇರುವ ಗಾಜಿನ ಕ್ಲೀನರ್, ಸ್ಪಿರಿಟ್ ಹಚ್ಚಿದರೆ ಅಕ್ರಿಲಿಕ್‌ನಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಸಾಬೂನು ನೀರು, ಮೆತ್ತನೆ ಬಟ್ಟೆಯೇ ಸರಿ. ಗಾಜೇ ಬೇಕೆಂದರೆ ಮಕ್ಕಳಿರುವ ಮನೆಗೆ ಟಫನ್ಡ್ ಗಾಜು. ಅದನ್ನು ಹದ ಮಾಡಿದ ಮೇಲೆ ಕತ್ತರಿಸಲು, ತೂತು ಕೊರೆಯಲು ಬರುವುದಿಲ್ಲ. ಅಳತೆ ಮೊದಲೇ ಕೊಡಬೇಕು.

ಚಿತ್ರ ಬರೆಯುವುದಿದ್ದರೆ ಹಾಳೆಯ ಹಿಂಬದಿಗೆ, ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ. ಮೈಸೂರು, ತಂಜಾವೂರುಗಳ ಹಳೆಯ ಗಾಜಿನ ಚಿತ್ರಗಳದ್ದೂ ಇದೇ ಕ್ರಮ: ಸಾಮಾನ್ಯವಾಗಿ ಕೊನೆಗೆ ಎಳೆಯುವ ಸಣ್ಣ ಗೆರೆಗಳು ಇಲ್ಲಿ ಮೊದಲು, ಹಿನ್ನೆಲೆ ಕೊನೆಗೆ. ಮುಂಬದಿ ಎಷ್ಟು ಒರೆಸಿದರೂ ಬಣ್ಣ ಹೋಗುವುದಿಲ್ಲ.

ಕೂರಿಸುವುದು

ರಟ್ಟು ಎಲ್‌ಸಿಡಿಯನ್ನು ಒತ್ತಬಾರದು, ಒತ್ತಿದ ಕಡೆ ಬಿಳಿಚು ಕಲೆ ಉಳಿಯುತ್ತದೆ. ನಡುವೆ ತೆಳು ಸ್ಪಂಜಿನ ಪಟ್ಟಿ ಅಂಟಿಸಬೇಕು. ಚೌಕಟ್ಟು ಎಲ್ಲ ಕಡೆ ಬಿಗಿಯಾದರೆ ಒಳಗಿನ ಬಿಸಿಗಾಳಿಗೆ ದಾರಿಯಿಲ್ಲ. ಪೆಟ್ಟಿಗೆಯ ಹಿಂಬದಿ ಹಲಗೆಯಲ್ಲಿ ಮೇಲೊಂದು, ಕೆಳಗೊಂದು ಕಿಂಡಿ ಬಿಡಬೇಕು. ಇಡೀ ಚೌಕಟ್ಟನ್ನು ಅಂಟಿನಿಂದಲ್ಲ, ಸ್ಕ್ರೂ ಅಥವಾ ವೆಲ್ಕ್ರೋ ಪಟ್ಟಿಯಿಂದ ನಿಲ್ಲಿಸುವುದು ಒಳ್ಳೆಯದು, ಧೂಳು ಕೂತಾಗ ಬಿಚ್ಚಿ ಒರೆಸಬಹುದು. ಅಕ್ರಿಲಿಕ್ ಮೇಲಿನ ಕಾಗದದ ಪೊರೆಯನ್ನು ಮಾತ್ರ ಎಲ್ಲ ಕೆಲಸ ಮುಗಿದ ಮೇಲೆಯೇ ಸುಲಿಯಬೇಕು.