ತವರಿಗೆ ಬರುವ ಹಕ್ಕಿಗಳು: ಕೊಕ್ಕರೆ ಬೆಳ್ಳೂರಿನ ಸ್ವಯಂಸೇವಾ ಸಂರಕ್ಷಣೆಯ ಚರಿತ್ರೆ

ಕರ್ನಾಟಕದ ವನ್ಯಜೀವಿ ಸಂರಕ್ಷಣೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅರಸರ ಬೇಟೆಯ ಕಾಡುಗಳಿಂದ ಆರಂಭಿಸಿ, ವಸಾಹತುಶಾಹಿ ಆಡಳಿತದ ಮೀಸಲು ಅರಣ್ಯಗಳನ್ನು ಹಾದು, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಬಂದು ನಿಲ್ಲುತ್ತಾರೆ. ಬಂಡೀಪುರ, ನಾಗರಹೊಳೆಗಳಂಥ ಕಾಡುಗಳಿಗೆ ಈ ಕ್ರಮ ಒಪ್ಪುತ್ತದೆ. 1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು ಪಕ್ಷಿಧಾಮವನ್ನಾಗಿ ಘೋಷಿಸಿದ ರಂಗನತಿಟ್ಟಿಗೂ ಒಪ್ಪುತ್ತದೆ. ಅಲ್ಲೆಲ್ಲ ಕಾಪಾಡಿದವರು ಯಾರು ಎಂಬ ಪ್ರಶ್ನೆಗೆ ಆಜ್ಞೆ, ಘೋಷಣೆ, ಗಡಿಕಲ್ಲುಗಳೇ ಉತ್ತರ. ಆದರೆ ಊರ ನಡುವಿನ ಹುಣಸೆಮರದಲ್ಲಿ, ಮನೆಯ ಹಿತ್ತಿಲಿನಲ್ಲಿ, ದನದ ಕೊಟ್ಟಿಗೆಯ ನೆತ್ತಿಯ ಮೇಲೆ ಗೂಡು ಕಟ್ಟುವ ಹಕ್ಕಿಯನ್ನು ಕಾಪಾಡಿದವರು ಯಾರು? ಈ ಪ್ರಶ್ನೆಗೆ ಸರಕಾರಿ ಕಡತಗಳಲ್ಲಿ ಸಿಗುವ ಉತ್ತರ ಬಹಳ ಕಡಿಮೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಈ ದೃಷ್ಟಿಯಿಂದ ಜಾನಪದ ವಿದ್ವಾಂಸರ ಗಮನಕ್ಕೆ ಅರ್ಹವಾದ ಊರು.

ಶಿಂಷಾ ನದಿಗೆ ಸಮೀಪದಲ್ಲಿರುವ ಈ ಊರಿಗೆ ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಬಂದಿಳಿಯುತ್ತವೆ. ಹುಣಸೆ, ಅರಳಿ, ಆಲ, ಜಾಲಿ ಮರಗಳಲ್ಲಿ ಕಡ್ಡಿಗಳನ್ನು ಅಡಕಿ ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಮಾಡಿ, ಬೇಸಿಗೆ ಮುಗಿಯುವ ಹೊತ್ತಿಗೆ ಮರಿಗಳೊಡನೆ ಹೊರಟುಹೋಗುತ್ತವೆ. ಆಹಾರವೆಲ್ಲ ಹೊರಗಿನದು, ಸುತ್ತಲಿನ ಕೆರೆಗಳಿಂದ, ಹೊಳೆಯ ಮಡುಗಳಿಂದ ಮೀನು ತಂದು ಮರಿಗಳಿಗೆ ಉಣಿಸುತ್ತವೆ. ಅಂದರೆ ಊರು ಅವುಗಳಿಗೆ ಕೊಡುವುದು ಅನ್ನವನ್ನಲ್ಲ, ನೆಲೆಯನ್ನು. ಅದೂ ವರ್ಷದ ಅರ್ಧಕಾಲಕ್ಕೆ ಮಾತ್ರ.

ಈ ಸಂಬಂಧಕ್ಕೆ ಊರಿನ ಜನ ಕೊಟ್ಟುಕೊಂಡಿರುವ ವಿವರಣೆ ಪ್ರಸಿದ್ಧವಾದದ್ದು. ಹಕ್ಕಿಗಳು ಹೆರಿಗೆಗೂ ಬಾಣಂತನಕ್ಕೂ ತವರಿಗೆ ಬಂದ ಹೆಣ್ಣುಮಕ್ಕಳು. ಪತ್ರಿಕೆಗಳೂ ಪ್ರವಾಸಿ ಕೈಪಿಡಿಗಳೂ ಈ ಮಾತನ್ನು ಮತ್ತೆ ಮತ್ತೆ ಎತ್ತಿ ಹೇಳಿವೆ. ಹೇಳುವಾಗ ಅದನ್ನು 'ಜನರ ಮುಗ್ಧ ನಂಬಿಕೆ' ಎಂದು ಕರೆದು ಮುಂದೆ ಸಾಗಿವೆ. ಆದರೆ ಇದು ನಂಬಿಕೆಯೇ ಎಂಬುದನ್ನು ಕೊಂಚ ನಿಂತು ನೋಡಬೇಕಾಗಿದೆ. ಹಕ್ಕಿಯಲ್ಲಿ ದೈವವಿದೆ ಎಂದು ಇಲ್ಲಿ ಯಾರೂ ಹೇಳುವುದಿಲ್ಲ. ಹಕ್ಕಿಗೆ ಪೂಜೆಯಿಲ್ಲ, ಹರಕೆಯಿಲ್ಲ, ಮುಟ್ಟಿದರೆ ಕೇಡಾದೀತೆಂಬ ಭಯವೂ ಮುಖ್ಯವಲ್ಲ. ಇಲ್ಲಿರುವುದು ನಂಟಸ್ತಿಕೆ. ಮಗಳನ್ನು ಚೊಚ್ಚಲ ಹೆರಿಗೆಗೆ ಕರೆತರುವುದು, ಬಾಣಂತಿಗೆ ಗಾಳಿ ಸೋಕದ ಮೂಲೆಯನ್ನು ಬಿಟ್ಟುಕೊಡುವುದು, ಮಡಿಲು ತುಂಬಿ ಕಳುಹಿಸುವುದು ಮೈಸೂರು ಸೀಮೆಯ ಒಕ್ಕಲು ಮನೆಗಳಲ್ಲಿ ಐಚ್ಛಿಕ ದಾನವಲ್ಲ, ತವರಿನ ಹೊಣೆ. ಅದನ್ನು ಮಾಡದ ಮನೆಯನ್ನು ದೇವರು ಶಿಕ್ಷಿಸುತ್ತಾನೋ ಇಲ್ಲವೋ, ಊರಂತೂ ಆಡಿಕೊಳ್ಳುತ್ತದೆ. ತವರಿನ ಹಾಡುಗಳ ತ್ರಿಪದಿಗಳನ್ನು ಬಲ್ಲವರಿಗೆ ಈ ಹೊಣೆಯ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. (ಪ್ರಾಣಿಶಾಸ್ತ್ರದ ಪ್ರಕಾರ ಹೆಜ್ಜಾರ್ಲೆಯ ಗಂಡೂ ಕಾವು ಕೊಡುತ್ತದೆ, ಮರಿಗೆ ಉಣಿಸುತ್ತದೆ. ಜನಪದರ ರೂಪಕದಲ್ಲಿ ಆ ಅಳಿಯನಿಗೆ ಸ್ಥಾನ ದೊರೆತಿಲ್ಲ. ಬಾಣಂತನದ ಮನೆಯಲ್ಲಿ ಅಳಿಯನ ಸ್ಥಾನ ಎಂದಿಗೂ ಅಷ್ಟೇ.)

ದೇವರಕಾಡುಗಳ ಪರಂಪರೆಯೊಡನೆ ಹೋಲಿಸಿದಾಗ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ದಾಖಲಾಗಿವೆ. ಅವುಗಳನ್ನು ಉಳಿಸಿದ್ದು ದೈವದ ಒಡೆತನದ ಕಲ್ಪನೆ. ಕಾಡು ದೇವರದು, ಆದ್ದರಿಂದ ಮನುಷ್ಯ ಕೊಡಲಿ ಎತ್ತಬಾರದು ಎಂಬ ಕಟ್ಟು. ಈ ಕಟ್ಟು ಎಷ್ಟು ಗಟ್ಟಿಯೆಂದು ಕಾಣುತ್ತದೆಯೋ ಅಷ್ಟೇ ಸುಲಭವಾಗಿ ಕಳಚಲೂಬಲ್ಲದು ಎಂಬುದಕ್ಕೆ ಅಂಕಿಗಳೇ ಸಾಕ್ಷಿ. 1905ರಲ್ಲಿ ಇವು ಕಂದಾಯ ಇಲಾಖೆಯ ಸುಪರ್ದಿಗೆ ಹೋದಾಗ ಇದ್ದ ವಿಸ್ತಾರ ಸುಮಾರು 15,500 ಎಕರೆ. 1985ರಲ್ಲಿ ಮರಳಿ ಅರಣ್ಯ ಇಲಾಖೆಗೆ ಬಂದಾಗ ಉಳಿದದ್ದು ಸುಮಾರು 6,300 ಎಕರೆ. ದೇವರು ಇದ್ದಲ್ಲಿಯೇ ಇದ್ದ, ಹಬ್ಬಗಳೂ ನಡೆದವು. ಕಾಡಿನ ಅಂಚು ಮಾತ್ರ ಕಾಫಿ ತೋಟವಾಗುತ್ತ ಒಳಗೆ ಸರಿಯಿತು. ನಂಬಿಕೆಯೊಂದೇ ನಿಸರ್ಗವನ್ನು ಕಾಯುತ್ತದೆ ಎಂಬ, ಜಾನಪದ ಗೋಷ್ಠಿಗಳಲ್ಲಿ ಪದೇ ಪದೇ ಕೇಳಿಬರುವ ಮಾತನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸುವುದು ಅಗತ್ಯ.

ಬೆಳ್ಳೂರಿನ ಮೌಖಿಕ ಪರಂಪರೆಯಲ್ಲಿ ಇನ್ನೊಂದು ಕಥನವಿದೆ. ಊರು ಮೊದಲು ಶಿಂಷೆಯ ದಡಕ್ಕೆ ಇನ್ನೂ ಹತ್ತಿರದಲ್ಲಿತ್ತು; ಪ್ಲೇಗಿನ ಕಾಲದಲ್ಲಿ ಜನ ಹಳೆಯ ಊರನ್ನು ತೊರೆದು ಈಗಿನ ಜಾಗಕ್ಕೆ ಬಂದರು; ಅವರ ಬೆನ್ನಿಗೇ ಹಕ್ಕಿಗಳೂ ಬಂದವು ಎಂಬುದು ಅದರ ತಿರುಳು. 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕ ಪ್ಲೇಗು ಮುಂದಿನ ಎರಡು ಮೂರು ದಶಕಗಳ ಕಾಲ ಮರುಕಳಿಸುತ್ತಲೇ ಇತ್ತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ ನೆನಪು ಹಳೆ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಉಳಿದಿದೆ. ಪ್ಲೇಗಿನಮ್ಮನ ಗುಡಿಗಳು ಹುಟ್ಟಿಕೊಂಡದ್ದೂ ಆಗಲೇ. ಆದ್ದರಿಂದ ಕಥನದ ಮೊದಲರ್ಧ ಚರಿತ್ರೆಗೆ ವಿರುದ್ಧವಾದುದಲ್ಲ. ಎರಡನೆಯ ಅರ್ಧದಲ್ಲಿ ಗಮನಿಸಬೇಕಾದದ್ದು ಕಥೆಯ ದಿಕ್ಕು. ಮಾರಿ ಬಂದಾಗ ನಂಟರೂ ಬಾಗಿಲಿಗೆ ಬಾರದ ಕಾಲವದು. ಅಂಥ ಕಾಲದಲ್ಲಿ ಊರನ್ನು ಬಿಡದೆ ಹಿಂಬಾಲಿಸಿ ಬಂದದ್ದು ಹಕ್ಕಿ. ಹಾಗಾಗಿ ಋಣ ಹಕ್ಕಿಯ ಮೇಲಿಲ್ಲ, ಊರಿನ ಮೇಲಿದೆ. ಮುಂದೆ ಬಂದ ತಲೆಮಾರುಗಳು ಹಕ್ಕಿಯನ್ನು ಏಕೆ ಸಹಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ಈ ಕಥನ ಉತ್ತರವನ್ನು ಮೊದಲೇ ಸಿದ್ಧಪಡಿಸಿ ಇಟ್ಟಿದೆ.

ಸಹಿಸಿಕೊಳ್ಳುವುದು ಎಂಬ ಮಾತನ್ನು ಇಲ್ಲಿ ಉದ್ದೇಶಪೂರ್ವಕವಾಗಿಯೇ ಬಳಸಲಾಗಿದೆ. ನೂರಾರು ದೊಡ್ಡ ಹಕ್ಕಿಗಳು ಮನೆಯ ಮೇಲಿನ ಮರದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟರೆ ಆಗುವುದೇನು? ಹಿಕ್ಕೆ ಹೆಂಚಿನ ಮೇಲೆ, ಅಂಗಳದ ಮೇಲೆ, ಒಣಗಲು ಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ. ಕೊಳೆತ ಮೀನಿನ ವಾಸನೆ ಊರನ್ನು ಕವಿಯುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗೂಡಿನ ಕಾಲವೂ ಹುಣಸೆ ಬಡಿಯುವ ಕಾಲವೂ ಒಂದೇ. ಹುಣಸೆಮರವೆಂದರೆ ರೈತನಿಗೆ ಬೇಸಿಗೆಯ ಕೈಕಾಸು. ಗೂಡಿರುವ ಮರವನ್ನು ಹತ್ತಿ ಬಡಿಯುವಂತಿಲ್ಲ. ಈ ನಷ್ಟಕ್ಕೆ ಪ್ರತಿಯಾಗಿ ಹಿಂದಿನವರಿಗೆ ಸಿಗುತ್ತಿದ್ದದ್ದು ಗೊಬ್ಬರ. ಮರದ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡನ್ನು ತುಂಬಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಬೆರೆಸಿ ಹೊಲಕ್ಕೆ ಸಾಗಿಸುತ್ತಿದ್ದರು. ಸಾರಜನಕ, ರಂಜಕಗಳಿಂದ ಕೂಡಿದ ಈ ಗೊಬ್ಬರಕ್ಕೆ ಬೇಡಿಕೆಯೂ ಇತ್ತು. ರಾಸಾಯನಿಕ ಗೊಬ್ಬರ ಚೀಲಗಳಲ್ಲಿ ಬರತೊಡಗಿದ ಮೇಲೆ ಈ ತಕ್ಕಡಿಯ ಒಂದು ತಟ್ಟೆ ಹಗುರವಾಯಿತು. ಹುಣಸೆಯ ಬೆಲೆಯಾಗಲಿ, ಕಡಿದ ಮರಕ್ಕೆ ಬರುವ ಹಣವಾಗಲಿ ಹಗುರವಾಗಲಿಲ್ಲ. ನಂಟಸ್ತಿಕೆಯ ಭಾಷೆ ಹಾಗೆಯೇ ಉಳಿದಿದ್ದರೂ ಮರಗಳು ಒಂದೊಂದಾಗಿ ಉರುಳತೊಡಗಿದ್ದು ಈ ಅವಧಿಯಲ್ಲಿ.

ಹೊರಜಗತ್ತು ಬೆಳ್ಳೂರನ್ನು ಕಂಡುಕೊಂಡದ್ದು 1976ರಲ್ಲಿ. ಅರಣ್ಯಾಧಿಕಾರಿಯಾಗಿದ್ದ ಎಸ್. ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ವಸತಿಯನ್ನು ಗುರುತಿಸಿ ವಿದ್ವತ್ ವಲಯದ ಗಮನಕ್ಕೆ ತಂದರು. ಅನಂತರ ಗೂಡಿರುವ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕೆ ಪರಿಹಾರಧನ ಕೊಡುವ ಏರ್ಪಾಡು ಅರಣ್ಯ ಇಲಾಖೆಯಿಂದ ಆಯಿತು. ಮೊತ್ತ ಸಾಲದು, ಸಕಾಲಕ್ಕೆ ಕೈಸೇರದು ಎಂಬ ಅಸಮಾಧಾನ ಆಗಾಗ ವ್ಯಕ್ತವಾಗಿದೆ. ಮಗಳ ಬಾಣಂತನಕ್ಕೆ ಸರಕಾರದಿಂದ ಹಣ ಪಡೆಯುವುದು ಸಂಬಂಧವನ್ನೇ ಕೆಡಿಸುತ್ತದೆ ಎಂದು ಆಕ್ಷೇಪಿಸುವುದು ಸುಲಭ. ಹುಣಸೆಮರ ಇಲ್ಲದವರು ಅದನ್ನು ಇನ್ನೂ ಸುಲಭವಾಗಿ ಹೇಳಬಲ್ಲರು. ಪರಿಹಾರಧನವು ಭಾವನೆಯನ್ನು ಕೊಂಡುಕೊಳ್ಳಲಿಲ್ಲ. ಊರಿನ ಕೆಲವೇ ಮನೆಗಳ ಮೇಲೆ ಬಿದ್ದಿದ್ದ ಭಾರವನ್ನು ಸ್ವಲ್ಪಮಟ್ಟಿಗೆ ಸಾರ್ವಜನಿಕವಾಗಿ ಹಂಚಿತು ಎಂದು ತಿಳಿಯುವುದೇ ಹೆಚ್ಚು ನ್ಯಾಯವಾದೀತು. ಇಂಥ ಒಡಂಬಡಿಕೆ ದಕ್ಷಿಣ ಭಾರತಕ್ಕೆ ಹೊಸದೂ ಅಲ್ಲ. ತಮಿಳುನಾಡಿನ ವೇಡಂತಾಂಗಲ್ ಗ್ರಾಮದವರು ತಮ್ಮ ಕೆರೆಯ ಹಕ್ಕಿಗಳನ್ನು ಬೇಟೆಗಾರರಿಂದ ಕಾಪಾಡುವ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿಯ ಆಡಳಿತದಿಂದ 1798ರಷ್ಟು ಹಿಂದೆಯೇ ಕೌಲಿನ ರೂಪದಲ್ಲಿ ಪಡೆದಿದ್ದರು. ಅಲ್ಲಿಯೂ ಹಿಕ್ಕೆ ಬೆರೆತ ಕೆರೆಯ ನೀರು ಗದ್ದೆಗಳಿಗೆ ಗೊಬ್ಬರವಾಗುತ್ತಿತ್ತು.

1994ರ ಸುಮಾರಿಗೆ ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಸಂಘಟನೆಯಾದ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್ ಬೆಳ್ಳೂರಿನಲ್ಲಿ ಕೆಲಸ ಆರಂಭಿಸಿತು. ಕೆ. ಮನು ಈ ಕಾರ್ಯದ ಮುಂಚೂಣಿಯಲ್ಲಿದ್ದರು. ಊರಿನ ಯುವಕರೇ ಸೇರಿ 'ಹೆಜ್ಜಾರ್ಲೆ ಬಳಗ' ರೂಪುಗೊಂಡಿತು. ಬಳಗ ಎಂಬ ಪದ ಇಂದು ಯಾವ ಗೆಳೆಯರ ಕೂಟಕ್ಕಾದರೂ ಸಲ್ಲುತ್ತದೆ, ನಿಜ. ಆದರೂ ಬಂಧುಬಳಗದ ಆ ಪದ ಹಕ್ಕಿಯನ್ನು ಮಗಳೆಂದು ಕರೆದ ಊರಿನಲ್ಲಿ ತನ್ನ ಮೂಲ ಅರ್ಥಕ್ಕೆ ಹತ್ತಿರವಾಗಿಯೇ ನಿಂತಿದೆ.

ಸ್ವಯಂಸೇವಕರು ಕೈಗೆತ್ತಿಕೊಂಡ ಕೆಲಸಗಳಲ್ಲಿ ಒಂದನ್ನು ವಿಶೇಷವಾಗಿ ಪರಿಶೀಲಿಸಬೇಕು. ಗೂಡುಗಳು ಒತ್ತೊತ್ತಾಗಿರುವುದರಿಂದಲೂ, ಗಾಳಿಗೆ ಕೊಂಬೆ ತೂಗುವುದರಿಂದಲೂ, ಮರಿಗಳ ತಳ್ಳಾಟದಿಂದಲೂ ಹಾರಲು ಬಾರದ ಮರಿಗಳು ಕೆಳಗೆ ಬೀಳುತ್ತವೆ. ಬಿದ್ದ ಮರಿಯನ್ನು ತಾಯಿಹಕ್ಕಿ ನೆಲಕ್ಕಿಳಿದು ಪೋಷಿಸುವುದಿಲ್ಲ. ಅದು ನಾಯಿಯ ಪಾಲೋ ಕಾಗೆಯ ಪಾಲೋ ಆಗುತ್ತದೆ. ಹಿಂದಿನ ಕಾಲದಲ್ಲಿ ಊರು ಇದನ್ನು ನೋಡಿ ಮರುಗುತ್ತಿತ್ತೇ ಹೊರತು ಅದಕ್ಕೊಂದು ಕ್ರಮವಿರಲಿಲ್ಲ. ಬಳಗದವರು ಇಂಥ ಮರಿಗಳನ್ನು ಆಯ್ದು ತಂದು, ಬೇಲಿ ಹಾಕಿದ ಆವರಣದಲ್ಲಿಟ್ಟು, ಗಾಯಕ್ಕೆ ಮದ್ದು ಮಾಡಿ, ದಿನವೂ ಮೀನು ತಂದು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಪದ್ಧತಿಯನ್ನು ಬೆಳೆಸಿದರು. ಹೆಜ್ಜಾರ್ಲೆಯ ಮರಿ ಹಾರಲು ಮೂರು ತಿಂಗಳಷ್ಟು ಸಮಯ ಬೇಕು. ಅಷ್ಟು ದಿನವೂ ಅದರ ಹಸಿವಿಗೆ ರಜೆಯಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಮೀನು ಹೊಂದಿಸುವುದು, ಕೂಲಿಗೆ ಹೋಗುವ ಹುಡುಗರು ಸರದಿ ಹಾಕಿಕೊಂಡು ಕಾಯುವುದು ಹಗುರವಾದ ಕೆಲಸವಲ್ಲ. ಇದರ ಜೊತೆಗೆ ಗೂಡಿಗೆ ಒದಗುವ ಜಾತಿಯ ಸಸಿಗಳನ್ನು ನೆಡುವುದು, ಮರಗಳನ್ನೂ ಗೂಡುಗಳನ್ನೂ ಎಣಿಸಿ ಬರೆದಿಡುವುದು, ಶಾಲೆಯ ಮಕ್ಕಳಿಗೆ ತಿಳಿವಳಿಕೆ ಕೊಡುವುದು ನಡೆದವು.

ಜಾನಪದದ ದೃಷ್ಟಿಯಿಂದ ಇಲ್ಲಿ ನಡೆದದ್ದು ರೂಪಕದ ವಿಸ್ತರಣೆ. ತವರು ಎಂಬ ಹಳೆಯ ಹೊಣೆ ನೆಲೆ ಕೊಡುವುದಕ್ಕೆ ಸೀಮಿತವಾಗಿತ್ತು; ಈಗ ಅದು ಬಿದ್ದ ಮರಿಯ ಆರೈಕೆಗೂ ಚಾಚಿಕೊಂಡಿತು. ಹೊರಗಿನಿಂದ ಬಂದವರು ಹೊಸ ಪರಿಭಾಷೆಯನ್ನು ಊರಿನ ಮೇಲೆ ಹೇರಲಿಲ್ಲ. ಜೀವಿವೈವಿಧ್ಯ, ಪರಿಸರ ಸಮತೋಲನಗಳ ಮಾತು ತರಬೇತಿಯಲ್ಲಿ ಬಂದಿರಬಹುದು. ಮನೆಯಂಗಳದಲ್ಲಿ ನಡೆದ ಮಾತು ಬಾಣಂತನದ್ದೇ. ಉತ್ತರ ಕನ್ನಡದ ಅಪ್ಪಿಕೋ ಚಳವಳಿಯೂ ಇದೇ ಬಗೆಯ ವಿವೇಕವನ್ನು ತೋರಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಾಸೆಯ ಕಾಡಿಗೆ ನಡೆದು ಮರಗಳನ್ನು ತಬ್ಬಿದಾಗ ಚಳವಳಿಗೆ ದೊರೆತ ಹೆಸರು ಮನೆಮಾತಿನ ಒಂದು ಕ್ರಿಯಾಪದ. ಆದರೆ ಅಪ್ಪಿಕೋಗೆ ಎದುರಾಳಿಯಿತ್ತು. ಕಡಿಯಲು ಬಂದ ಗುತ್ತಿಗೆದಾರ ಕಣ್ಣಿಗೆ ಕಾಣುತ್ತಿದ್ದ. ಬೆಳ್ಳೂರಿನಲ್ಲಿ ಕಡಿಯುವವನೂ ಕಾಯುವವನೂ ಒಬ್ಬನೇ, ಮರದ ಒಡೆಯ. ಆದ್ದರಿಂದ ಇಲ್ಲಿ ಪ್ರತಿಭಟನೆಗೆ ಎಡೆಯಿರಲಿಲ್ಲ; ಮನವೊಲಿಕೆಯೊಂದೇ ದಾರಿಯಾಗಿತ್ತು.

2002ರಲ್ಲಿ ವನ್ಯಜೀವಿ ಕಾಯಿದೆಗೆ ಆದ ತಿದ್ದುಪಡಿಯು 'ಸಮುದಾಯ ಮೀಸಲು' ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಸಮುದಾಯವಾಗಲಿ ವ್ಯಕ್ತಿಯಾಗಲಿ ಸ್ವಯಂಪ್ರೇರಣೆಯಿಂದ ಮುಂದೆ ಬಂದಲ್ಲಿ ಅವರ ನೆಲವನ್ನು ಹೀಗೆ ಘೋಷಿಸಬಹುದು. ಸಾಂಪ್ರದಾಯಿಕ ಹಾಗೂ ಸಾಂಸ್ಕೃತಿಕ ಸಂರಕ್ಷಣಾ ಮೌಲ್ಯಗಳನ್ನು ಕಾಪಾಡುವುದೂ ಇದರ ಉದ್ದೇಶ ಎಂದು ಕಾಯಿದೆ ಹೇಳುತ್ತದೆ. ಜನಪದ ಆಚರಣೆಯೊಂದಕ್ಕೆ ವನ್ಯಜೀವಿ ಕಾನೂನಿನಲ್ಲಿ ಇಷ್ಟು ನೇರವಾದ ಮನ್ನಣೆ ದೊರೆತದ್ದು ಗಮನಾರ್ಹ. 2007ರಲ್ಲಿ ಕೊಕ್ಕರೆ ಬೆಳ್ಳೂರಿನ ಸುಮಾರು 312 ಹೆಕ್ಟೇರ್ ಪ್ರದೇಶ ಸಮುದಾಯ ಮೀಸಲೆಂದು ಘೋಷಿತವಾಯಿತು. ಮನ್ನಣೆಯ ಜೊತೆಗೆ ಕಟ್ಟುಪಾಡೂ ಬಂದಿತು. ಮೀಸಲಿನೊಳಗಿನ ನೆಲದ ಬಳಕೆಯನ್ನು ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯವೂ ರಾಜ್ಯ ಸರಕಾರದ ಒಪ್ಪಿಗೆಯೂ ಬೇಕು. ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ಸೂಚಿಸಿದ ಪ್ರತಿನಿಧಿಗಳೇ ಹೆಚ್ಚು ಸಂಖ್ಯೆಯಲ್ಲಿರುತ್ತಾರೆ ಎಂಬುದು ಸಮಾಧಾನದ ಸಂಗತಿಯಾದರೂ, ಮಾತಿನ ಮೇಲೆ ನಡೆದುಬಂದ ಹೊಣೆ ಕಾಗದಕ್ಕೆ ಇಳಿದಾಗ ಅದರ ಸ್ವರೂಪ ಬದಲಾಗದೆ ಇರುವುದಿಲ್ಲ. ಮಗಳಿಗೆ ಮೂಲೆ ಬಿಟ್ಟುಕೊಟ್ಟ ಮನೆಯವನು ಆ ಮೂಲೆಯನ್ನು ತಾನೇ ಬಿಟ್ಟುಕೊಟ್ಟೆನೆಂದು ಹೇಳಿಕೊಳ್ಳುವ ಸ್ಥಿತಿ ಉಳಿಯಬೇಕಾದರೆ ಸಮಿತಿಯ ಸಭೆಗಳು ನಿಯಮಿತವಾಗಿ ನಡೆಯಬೇಕು, ಮರದ ಒಡೆಯರ ಮಾತು ಅಲ್ಲಿ ದಾಖಲಾಗಬೇಕು.

ಊರಿನ ಹೊಣೆಗೆ ನಿಲುಕದ ಸಂಗತಿಗಳೂ ಇವೆ. 2017ರ ಕೊನೆಯಿಂದ 2018ರ ಬೇಸಿಗೆಯವರೆಗೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದರಂತೆ ಸತ್ತು ಬಿದ್ದವು. ಜಂತುಹುಳುವಿನ ಬಾಧೆ ಕಾರಣವೆಂದು ಪರೀಕ್ಷೆಗಳು ತಿಳಿಸಿದವು. ಇಂಥ ಹುಳು ಹಕ್ಕಿಯ ಒಡಲು ಸೇರುವುದು ಮೀನಿನ ಮೂಲಕ. ಮೀನು ಬರುವುದು ತೈಲೂರು ಕೆರೆಯಿಂದ, ಸೂಳೆಕೆರೆಯಿಂದ, ಮದ್ದೂರು ಕೆರೆಯಿಂದ, ಶಿಂಷೆಯ ಮಡುಗಳಿಂದ. ಆ ನೀರಿಗೆ ಎಲ್ಲೆಲ್ಲಿಯ ಕೊಳಚೆ ಬಂದು ಸೇರುತ್ತದೆ, ಮೀನಿನ ಗುತ್ತಿಗೆ ಯಾರದು, ಹೊಳೆಯ ಮರಳು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನಿರ್ಧರಿಸುವವರು ಬೆಳ್ಳೂರಿನವರಲ್ಲ. ಆ ಕೆರೆಗಳ ದಂಡೆಯ ಊರುಗಳಿಗೆ ಹೆಜ್ಜಾರ್ಲೆ ಮಗಳಲ್ಲ, ಬಂದು ಹೋಗುವ ಹಕ್ಕಿ. ಗೂಡಿನ ಮರಗಳ ಲೆಕ್ಕವನ್ನು ಇಟ್ಟಂತೆ ಈ ಕೆರೆಗಳ ನೀರು ಮತ್ತು ಮೀನಿನ ಲೆಕ್ಕವನ್ನೂ ಇಡುವ ಬಳಗಗಳು ಆ ದಂಡೆಗಳಲ್ಲಿ ಹುಟ್ಟಬೇಕಾಗಿವೆ.