ಡೆಲ್ಫ್ಟ್‌ನ ಇಬ್ಬರು ಮುದುಕರು

ಬೆಳಗೆದ್ದು ಉಪ್ಪಿನಿಂದ ಹಲ್ಲು ತಿಕ್ಕುವುದು, ಬಾಯಿ ಮುಕ್ಕಳಿಸುವುದು, ಊಟವಾದ ಮೇಲೆ ಕಡ್ಡಿಯಿಂದ ದವಡೆಹಲ್ಲಿನ ಸಂದು ಕೆದಕಿ ಬಟ್ಟೆಯಿಂದ ಗಟ್ಟಿಯಾಗಿ ಒರೆಸುವುದು. ನಮ್ಮ ಅಜ್ಜಂದಿರ ದಿನಚರಿಯಂತೆ ಕಾಣುವ ಇದು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟೊನಿ ವಾನ್ ಲೇವನ್‌ಹುಕ್‌ನದು. 1683ರ ಸೆಪ್ಟೆಂಬರ್ 17ರಂದು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ ಪತ್ರದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಆಗ ಅವನಿಗೆ 50 ವರ್ಷ. ಇಷ್ಟೆಲ್ಲ ಮಾಡಿಯೂ ಹಲ್ಲುಗಳ ನಡುವೆ ಕಲಸಿದ ಹಿಟ್ಟಿನಂಥ ಬಿಳಿ ಪದಾರ್ಥ ಉಳಿಯುತ್ತಿತ್ತು. ಅದನ್ನು ಮಳೆನೀರಿನಲ್ಲಿ ಬೆರೆಸಿ, ತಾನೇ ತಯಾರಿಸಿದ ಮಸೂರದಲ್ಲಿ ನೋಡಿದರೆ, ಜೀವಿಗಳು ಚುರುಕಾಗಿ ಓಡಾಡುತ್ತಿದ್ದವು.

ಕುತೂಹಲ ಅಷ್ಟಕ್ಕೇ ನಿಲ್ಲಲಿಲ್ಲ. ಇಬ್ಬರು ಹೆಂಗಸರ, ಎಂಟು ವರ್ಷದ ಒಂದು ಮಗುವಿನ, ಕೊನೆಗೆ ಇಬ್ಬರು ಮುದುಕರ ಬಾಯನ್ನೂ ಪರೀಕ್ಷಿಸಿದ. (ಹೇಗೆ ಒಪ್ಪಿಸಿದನೋ!) ಮೊದಲನೆಯ ಮುದುಕ ಬ್ರಾಂದಿ, ತಂಬಾಕು ಮುಟ್ಟದ ಸಾಧು, ಆದರೆ ಹುಟ್ಟಿದಾಗಿನಿಂದ ಬಾಯಿ ತೊಳೆದವನಲ್ಲ. ಅವನ ಹಲ್ಲಿನ ಸಂದಿಯಲ್ಲಿ ನಂಬಲಾರದಷ್ಟು ಜೀವಿಗಳಿದ್ದವು. ಎರಡನೆಯವನು ಬೆಳಿಗ್ಗೆ ಬ್ರಾಂದಿ, ಮಧ್ಯಾಹ್ನ ವೈನು ಮತ್ತು ಹೊಗೆ ಎಂಬ ಕ್ರಮದವನು. ನೀರಿನಿಂದ ಬಾಯಿ ತೊಳೆದಿಲ್ಲ, ಮದ್ಯದಿಂದ ದಿನವೂ ತೊಳೆಯುತ್ತದಲ್ಲ ಎಂಬುದು ಅವನ ಉತ್ತರ. ಅವನ ಎಂಜಲಿನಲ್ಲಿ ವಿಶೇಷವೇನೂ ಇರಲಿಲ್ಲ. ಮುಂದಿನ ಹಲ್ಲುಗಳ ಸಂದಿಯಲ್ಲಿ ಮಾತ್ರ ಜೀವಿಗಳು ಬೇಕಾದಷ್ಟು. ದವಡೆಹಲ್ಲು ನೋಡೋಣವೆಂದರೆ ಒಂದೂ ಉಳಿದಿರಲಿಲ್ಲ.

ನನಗೆ ಈ ಪತ್ರದಲ್ಲಿ ತುಂಬ ಕಾಡುವುದು ಆ ಬರಿದಾದ ದವಡೆ. ಜೀವಿಗಳೂ ಕಣ್ಣೆದುರಿಗಿದ್ದವು, ಹೋದ ಹಲ್ಲುಗಳ ಜಾಗವೂ ಕಣ್ಣೆದುರಿಗಿತ್ತು. ಆದರೂ ಇವೆರಡರ ನಡುವೆ ಗೆರೆ ಎಳೆಯಲು ಜಗತ್ತಿಗೆ ಇನ್ನೂ 200 ವರ್ಷ ಬೇಕಾಯಿತು. ಅಮೆರಿಕದಲ್ಲಿ ಹುಟ್ಟಿ ಬರ್ಲಿನ್‌ನಲ್ಲಿ ದುಡಿದ ವಿಲೋಬಿ ಮಿಲ್ಲರ್ 1890ರ ತನ್ನ ಪುಸ್ತಕದಲ್ಲಿ ಅದನ್ನು ವಿವರಿಸಿದ: ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆ, ಪಿಷ್ಟಗಳನ್ನು ಹುಳಿಯಾಗಿಸುತ್ತವೆ, ಆ ಆಮ್ಲ ಹಲ್ಲನ್ನು ಕರಗಿಸುತ್ತದೆ. 1924ರಲ್ಲಿ ಬ್ರಿಟನ್ನಿನ ಕ್ಲಾರ್ಕ್ ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ.

ಇಷ್ಟಾದರೂ ಹುಳುಕು ಎಂದರೆ ಮಿಠಾಯಿ ತಿನ್ನುವ ಮಕ್ಕಳ ಕಾಯಿಲೆ, ಮುದುಕರ ಹಲ್ಲು ಹೋಗುವುದು ವಯಸ್ಸಿನ ಧರ್ಮ ಎಂಬ ಮಾತು ನಮ್ಮ ಮನೆಗಳಲ್ಲಿ ಹಾಗೇ ಉಳಿದಿದೆ. ವಯಸ್ಸು ತಾನಾಗಿ ಹಲ್ಲು ಕೀಳುವುದಿಲ್ಲ. ವಸಡು ಕೆಳಗೆ ಸರಿದಾಗ ಬೇರು ಹೊರಬೀಳುತ್ತದೆ. ಅದಕ್ಕೆ ಎನಾಮಲ್‌ನ ರಕ್ಷಣೆ ಇಲ್ಲ. ಎನಾಮಲ್ ಕರಗತೊಡಗುವುದು ಪಿಎಚ್ ಸುಮಾರು 5.5ಕ್ಕೆ ಇಳಿದಾಗ, ಬೇರು 6ಕ್ಕಿಂತ ಮೇಲಿರುವಾಗಲೇ ಕರಗುತ್ತದೆ. ಅಂದರೆ ಮಗುವಿನ ಹಲ್ಲು ತಡೆದುಕೊಳ್ಳುವ ಹುಳಿ ಅಜ್ಜಿಯ ಬೇರಿಗೆ ಸಾಕಾಗುತ್ತದೆ. ಆ ಹುಳಿಯನ್ನು ತಣಿಸಬೇಕಾದ್ದು ಎಂಜಲು. ಬಿಪಿ, ಖಿನ್ನತೆ, ಅಲರ್ಜಿಯ ಎಷ್ಟೋ ಮಾತ್ರೆಗಳು ಅದನ್ನೇ ಒಣಗಿಸುತ್ತವೆ. ಆಗ ಬಾಯಿ ಆರುತ್ತದೆಂದು ನಾವು ಅವರ ದಿಂಬಿನ ಪಕ್ಕ ಇಟ್ಟುಬರುವುದು ಒಂದು ಪೊಟ್ಟಣ ಪೆಪ್ಪರ್‌ಮಿಂಟ್.